ಎಣ್ಣೆ ಕುಡಿಯದ ಕೂದಲು

ರಿಪೇರಿಗೆ ಬರುವ ವಿಗ್ಗನ್ನು ಚೀಲದಿಂದ ತೆಗೆಯುವ ಮುಂಚೆಯೇ ಮೂಗಿಗೆ ವಿಷಯ ಗೊತ್ತಾಗಿಬಿಡುತ್ತದೆ. ಕೊಬ್ಬರಿ ಎಣ್ಣೆ. ಕೆಲವರದು ಹರಳೆಣ್ಣೆ ಬೆರೆಸಿದ್ದು, ಕೆಲವರದು ದಾಸವಾಳ, ಮೆಂತ್ಯ ಹಾಕಿ ಕಾಯಿಸಿದ್ದು. ಒಳಮೈ ತಿರುಗಿಸಿದರೆ ತಲೆಗೆ ಅಂಟಿಸುವ ಟೇಪಿನ ಅಂಟು ಕರಗಿ, ಅದಕ್ಕೆ ಧೂಳು ಮೆತ್ತಿ, ದೋಸೆ ಹಂಚಿನ ಅಂಚಿನ ಜಿಡ್ಡಿನ ಹಾಗೆ ಕಪ್ಪಗೆ ಕೂತಿರುತ್ತದೆ. ಬೈತಲೆಯ ಹತ್ತಿರ ಬೆರಳಾಡಿಸಿದರೆ ಐದಾರು ಎಳೆ ಕೈಗೇ ಬರುತ್ತವೆ. “ತಗೊಂಡು ಮೂರು ತಿಂಗಳಾಗಿಲ್ಲ, ಆಗ್ಲೇ ಉದುರ್ತಿದೆ ನೋಡಿ. ವಾರವಾರ ಎಣ್ಣೆ ಬೇರೆ ಹಚ್ತಿದೀವಿ” ಎನ್ನುತ್ತಾರೆ. ಎಣ್ಣೆ ಹಚ್ಚಿದ್ದಕ್ಕೇ ಉದುರುತ್ತಿದೆ ಎಂದರೆ ನಂಬುವುದಿಲ್ಲ.

ನಂಬದಿರುವುದು ಸಹಜವೇ. ಹಸುಗೂಸಿನ ನೆತ್ತಿಗೆ ಎಣ್ಣೆ ತಟ್ಟುವಲ್ಲಿಂದ ಶುರುವಾದ ಅಭ್ಯಾಸ. ಕೂದಲು ಉದುರಿದರೆ ಎಣ್ಣೆ, ಒರಟಾದರೆ ಎಣ್ಣೆ, ನಿದ್ದೆ ಬರದಿದ್ದರೂ ಎಣ್ಣೆ. ಆದರೆ ನಿಮ್ಮ ತಲೆಯ ಕೂದಲು ಚರ್ಮದೊಳಗೆ ಬೇರುಬಿಟ್ಟಿದೆ. ವಿಗ್ಗಿನ ಕೂದಲಿಗೆ ಬೇರಿಲ್ಲ, ಇರುವುದು ಗಂಟು. ಕೈಯಲ್ಲಿ ಕಟ್ಟಿದ ವಿಗ್ಗಿನಲ್ಲಿ ಒಂದೊಂದೇ ಎಳೆಯನ್ನು ಮಡಚಿ, ಸಣ್ಣ ಕೊಕ್ಕೆ ಸೂಜಿಯಿಂದ ಜಾಲರಿಯ ಒಂದು ಕಣ್ಣಿನೊಳಗೆ ಎಳೆದು, ಅಲ್ಲೇ ಗಂಟು ಹಾಕಿರುತ್ತಾರೆ. ಆ ಗಂಟು ನಿಂತಿರುವುದು ಎಳೆಗೆ ಎಳೆ ಉಜ್ಜಿ ಹಿಡಿದ ಬಿಗಿಯಿಂದ ಮಾತ್ರ. ಬಾವಿ ಹಗ್ಗಕ್ಕೆ ಎಣ್ಣೆ ಸವರಿ ಗಂಟು ಹಾಕಿ ನೋಡಿ, ಕೊಡ ಎಲ್ಲಿರುತ್ತದೆ ಎಂದು. ಎಣ್ಣೆ ಗಂಟಿನೊಳಗೆ ಇಳಿಯುತ್ತದೆ, ಬಾಚಣಿಗೆ ಎಳೆಯುತ್ತದೆ, ಗಂಟು ಜಾರುತ್ತದೆ. ಬುಡಕ್ಕೆ ಕಂಡೀಷನರ್ ಹಚ್ಚಿದರೂ ಇದೇ ಗತಿ. ಮುಂದಲೆಯ ಗಂಟುಗಳನ್ನು ಕಾಣದಂತೆ ಬಹಳ ಸಣ್ಣದಾಗಿ ಹಾಕಿರುವುದರಿಂದ ಮೊದಲು ಬೋಳಾಗುವುದೂ ಅಲ್ಲೇ.

ಹಾಗಾದರೆ ವಿಗ್ಗಿನ ಕೂದಲು ಒಣಗುವುದು ಸುಳ್ಳೇ? ಅಲ್ಲ. ನಮ್ಮ ನೆತ್ತಿಯಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳಿವೆ, ಅದು ಬುಡದಿಂದ ಕೆಳಗಿಳಿದು ಎಳೆಯನ್ನು ನುಣುಪಾಗಿಡುತ್ತದೆ. ವಿಗ್ಗಿಗೆ ಆ ಭಾಗ್ಯವಿಲ್ಲ, ಅದಕ್ಕೇ ತುದಿ ಒರಟಾಗುತ್ತದೆ. ಮಾನವ ಕೂದಲಿನ ವಿಗ್ಗಾದರೆ ಎರಡು ಮೂರು ಹನಿ ತೆಳು ಸೀರಮ್ಮನ್ನು ಅಂಗೈಯಲ್ಲಿ ಉಜ್ಜಿ, ಕಿವಿಯ ಮಟ್ಟದಿಂದ ಕೆಳಗಷ್ಟೇ ಸವರಿ. ಸಿಂಥೆಟಿಕ್ ಎಳೆಗೆ ಅದೂ ಬೇಡ. ಅದು ಪ್ಲಾಸ್ಟಿಕ್ಕಿನ ಜಾತಿ, ಎಣ್ಣೆಯನ್ನು ಹೀರುವುದೇ ಇಲ್ಲ. ಮೇಲೆ ಕೂತು ಧೂಳು ಹಿಡಿಯುತ್ತದೆ, ಅಷ್ಟೇ.

“ಎಣ್ಣೆ ಇಲ್ದಿದ್ರೆ ಅಮ್ಮಂಗೆ ತಲೆ ಸುಡುತ್ತಂತೆ” ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಅಮ್ಮನ ತಲೆಗೆ ಹಚ್ಚಿ, ಧಾರಾಳವಾಗಿ ಹಚ್ಚಿ. ರಾತ್ರಿ ವಿಗ್ ತೆಗೆದಿಟ್ಟ ಮೇಲೆ ಹಚ್ಚಿ, ಬೆಳಗ್ಗೆ ಶಾಂಪೂ ಹಾಕಿ ತೊಳೆದು, ಪೂರ್ತಿ ಒಣಗಿದ ಮೇಲೆ ವಿಗ್ ಹಾಕಿ. ತಲೆ ಬೇರೆ, ವಿಗ್ ಬೇರೆ.

ಕೊಳ್ಳುವಾಗ ಜನ ಕೇಳುವ ಪ್ರಶ್ನೆ ಒಂದೇ: “ಒರಿಜಿನಲ್ ಕೂದ್ಲಾ?” ಒಂದೆರಡು ಎಳೆ ಕತ್ತರಿಸಿ ಸುಟ್ಟು ನೋಡಿದರೆ ಉತ್ತರ ಸಿಗುತ್ತದೆ. ಮಾನವ ಕೂದಲು ಗರಿ ಸುಟ್ಟ ವಾಸನೆ ಬಿಟ್ಟು, ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ. ಎಳೆಗಳೆಲ್ಲ ಒಂದೇ ದಿಕ್ಕಿಗಿವೆಯೇ ಎನ್ನುವುದು. ಪ್ರತಿ ಕೂದಲಿನ ಮೇಲೂ ಮಂಗಳೂರು ಹೆಂಚು ಹೊದಿಸಿದ ಹಾಗೆ ಬುಡದಿಂದ ತುದಿಯ ಕಡೆಗೆ ಸಣ್ಣ ಸಣ್ಣ ಪೊರೆಗಳಿವೆ. ತಿರುಪತಿಯಲ್ಲಿ ಮುಡಿ ಕೊಟ್ಟ ಉದ್ದ ಕೂದಲಿನಂತೆ ಕಟ್ಟು ಕಟ್ಟಾಗಿ ಸಿಕ್ಕಿದ್ದಾದರೆ ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಇನ್ನೊಂದು ಕಡೆ ಇಡಬಹುದು. ಇದನ್ನು ರೆಮಿ ಎನ್ನುತ್ತಾರೆ. ಹಳ್ಳಿಗಳಲ್ಲಿ ಬಾಚಣಿಗೆಗೆ ಬಂದ ಕೂದಲನ್ನು ಸುತ್ತಿ ಗೋಡೆ ಸಂದಿಗೆ ಸಿಕ್ಕಿಸಿಟ್ಟು, ಪಿನ್ನು, ಪಾತ್ರೆ ಮಾರುತ್ತ ಬರುವವರಿಗೆ ಕೊಡುತ್ತಾರಲ್ಲ, ಅದರಲ್ಲಿ ಬುಡ ತುದಿ ಎಲ್ಲ ಕಲಸಿಹೋಗಿ, ಪೊರೆಗೆ ಪೊರೆ ಸಿಕ್ಕಿಕೊಳ್ಳುತ್ತದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಹೆಣ್ಣುಮಕ್ಕಳು ಕೂತು ಅಂಥ ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸುವುದನ್ನು ನೋಡಿದರೆ ಆ ತಾಳ್ಮೆಗೆ ಕೈ ಮುಗಿಯಬೇಕು. ಆ ಕೂದಲು ವಿಗ್ಗಾಗುವ ಮುಂಚೆ ಸಾಮಾನ್ಯವಾಗಿ ಆ್ಯಸಿಡ್ಡಿನಲ್ಲಿ ಪೊರೆ ತೆಗೆದು, ಮೇಲೆ ಸಿಲಿಕೋನ್ ಲೇಪಿಸುತ್ತಾರೆ. ಅಂಗಡಿಯಲ್ಲಿ ಥಳಥಳ ಹೊಳೆಯುತ್ತದೆ. ಕೆಲವು ಸಲ ತೊಳೆಯುವಷ್ಟರಲ್ಲಿ ಲೇಪ ಹೋಗಿ, ಕತ್ತಿನ ಹಿಂದೆ ಜಡೆಗಟ್ಟಲು ಶುರು. ಹೀಗೆ ಪರೀಕ್ಷಿಸಿ: ನಾಲ್ಕು ಎಳೆ ಹಿಡಿದು ಬುಡದಿಂದ ತುದಿಗೆ, ಆಮೇಲೆ ತುದಿಯಿಂದ ಬುಡಕ್ಕೆ ಬೆರಳು ಎಳೆಯಿರಿ. ಎರಡನೆಯದು ತುಸು ಒರಟಾಗಿ ಹಿಡಿಯಬೇಕು. ಎರಡೂ ಕಡೆ ಬೆಣ್ಣೆಯಂತೆ ಜಾರಿದರೆ ಅನುಮಾನಪಡಿ. ಇದೊಂದೇ ಪರೀಕ್ಷೆ ನೆಚ್ಚಿ ತೀರ್ಪು ಕೊಡಬೇಡಿ, ಆದರೆ ಅಂಗಡಿಯವರು ಮುಂದಿನ ಮಾತು ಎಚ್ಚರದಿಂದ ಆಡುತ್ತಾರೆ.

ತಲೆಯ ಅಳತೆಗೆ ದರ್ಜಿಯ ಟೇಪನ್ನು ಮುಂದಲೆಯಲ್ಲಿ ಕೂದಲು ಶುರುವಾಗುವ ಗೆರೆಯಿಂದ ಕಿವಿಯ ಮೇಲೆ ಹಾಯಿಸಿ, ಕತ್ತಿನ ಗುಳಿ ಬಳಸಿ, ಇನ್ನೊಂದು ಕಿವಿಯ ಮೇಲಿಂದ ಮತ್ತೆ ಅದೇ ಗೆರೆಗೆ ತನ್ನಿ. ಹೆಂಗಸರಲ್ಲಿ ಹೆಚ್ಚಿನವರದು 21.5ರಿಂದ 22.5 ಇಂಚಿನೊಳಗೆ ಬರುತ್ತದೆ. ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಪ್ಪಬೇಡಿ, ಬಾಗಿಲಿಗೆ ಬಂದು ಬಿಸಿಲಿನಲ್ಲಿ ನೋಡಿ. ಕಡುಗಪ್ಪಿಗಿಂತ ಒಂದು ಛಾಯೆ ತಿಳಿಯಾದದ್ದು ಐವತ್ತು ದಾಟಿದವರಿಗೆ ಒಪ್ಪುತ್ತದೆ. ಕೂದಲು ಬಹಳ ದಟ್ಟವಾಗಿರಲಿ ಎಂದು ಹಟ ಹಿಡಿಯಬೇಡಿ. ವಿಗ್ ಎಂದು ದೂರದಿಂದಲೇ ಸಾರುವುದು ಬಣ್ಣಕ್ಕಿಂತ ಹೆಚ್ಚಾಗಿ ಆ ದಟ್ಟಣೆಯೇ.

ಬೋಳಾದ ಜಾಗಕ್ಕಷ್ಟೇ ಅಂಟಿಸುವ ಗಂಡಸರ ಹೇರ್ ಪ್ಯಾಚಿನ ತಕರಾರು ಬೇರೆ. ಎರಡೂ ಮೈಗೆ ಅಂಟಿರುವ ಟೇಪನ್ನು ಹದಿನೈದರಿಂದ ಇಪ್ಪತ್ತು ದಿನಕ್ಕೆ ಬದಲಿಸಬೇಕು. ಮಂಗಳೂರಿನ ಸೆಕೆಯಲ್ಲಿ, ಕಲಬುರಗಿಯ ಬೇಸಗೆಯಲ್ಲಿ ಇನ್ನೂ ಬೇಗ. ಅಂಟು ಹೊಸದಾದರೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಿರಿ. ಕೆಂಪಾದರೆ, ಕೆರೆತ ಬಂದರೆ ಆ ಅಂಟು ನಿಮ್ಮದಲ್ಲ. ತೆಗೆಯುವಾಗ ಕಿತ್ತು ಎಳೆಯದೆ, ಸ್ಪಿರಿಟ್ ಅಥವಾ ರಿಮೂವರ್ ಹಚ್ಚಿ ಐದು ನಿಮಿಷ ಬಿಡಿ. ನಿಮ್ಮ ಸ್ವಂತ ಕೂದಲಿಗೇ ದಾರ ಹೆಣೆದು ಕೂರಿಸುವ ವೀವಿಂಗ್ ಬಗ್ಗೆ ನನಗೆ ಅಷ್ಟು ಪ್ರೀತಿಯಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹೆಣಿಗೆ ಅಷ್ಟು ಮೇಲೇಳುತ್ತದೆ, ನಾಲ್ಕಾರು ವಾರಕ್ಕೊಮ್ಮೆ ಬಿಗಿಸಿಕೊಳ್ಳಬೇಕು. ಪ್ರತಿ ಸಲದ ಆ ಎಳೆತಕ್ಕೆ ಅಂಚಿನಲ್ಲಿ ಉಳಿದಿದ್ದ ಕೂದಲೂ ಸೋಲುತ್ತದೆ. ಬಿಗಿಸಿಕೊಂಡ ರಾತ್ರಿ ನೆತ್ತಿ ನೋವಿನಿಂದ ನಿದ್ದೆ ಬರಲಿಲ್ಲವೆಂದರೆ ಮರುದಿನವೇ ಹೋಗಿ ಸಡಿಲ ಮಾಡಿಸಿ. “ಎರಡು ದಿನ ಹಂಗೇ ಇರುತ್ತೆ ಸರ್” ಎಂಬ ಸಮಾಧಾನ ಕೇಳಿ ಸುಮ್ಮನಾಗಬೇಡಿ.

ಕೀಮೋಥೆರಪಿ ಆಗಬೇಕಾದವರು ಕೂದಲು ಹೋದ ಮೇಲೆ ಬರುತ್ತಾರೆ. ಮುಂಚೆಯೇ ಬನ್ನಿ. ಕೂದಲು ಉದುರಿಸುವ ಔಷಧಿಯಾದರೆ ಮೊದಲ ಡೋಸಿನ ಎರಡು ಮೂರು ವಾರಕ್ಕೆ ಶುರುವಾಗುವುದು ಸಾಮಾನ್ಯ; ಎಲ್ಲ ಔಷಧಿಯೂ ಹಾಗಲ್ಲ, ನಿಮ್ಮ ವೈದ್ಯರನ್ನೇ ಕೇಳಿ. ನೆತ್ತಿಯ ಒಂದು ಚಿಕ್ಕ ಕುಚ್ಚು ಕತ್ತರಿಸಿ ದಾರ ಕಟ್ಟಿ ತಂದರೆ ಬಣ್ಣ, ಸುರುಳಿ ಎರಡೂ ಹೊಂದಿಸಬಹುದು. ದಟ್ಟ ಕೂದಲಿನ ಮೇಲೆ ತೆಗೆದ ಅಳತೆ ಬೋಳುತಲೆಗೆ ಸಡಿಲವಾಗುತ್ತದೆ, ಹಿಂದೆ ಬಿಗಿಸುವ ಪಟ್ಟಿ ಇರುವುದನ್ನೇ ಆರಿಸಿ. ಒಳಗೆ ಮೆತ್ತನೆಯ ಹತ್ತಿಯ ಟೊಪ್ಪಿ ಇರಲಿ. ಆ ದಿನಗಳಲ್ಲಿ ಚರ್ಮ ಬಹಳ ನಾಜೂಕು. ವೈದ್ಯರು ಸರಿ ಎನ್ನುವವರೆಗೆ ಟೇಪು, ಅಂಟು ಯಾವುದೂ ಬೇಡ, ತಲೆಗೆ ಯಾವ ಎಣ್ಣೆಯೂ ಬೇಡ. ಕೆಲವೇ ತಿಂಗಳ ಮಾತಾದ್ದರಿಂದ ಇವರಿಗೆ ದುಬಾರಿ ಮಾನವ ಕೂದಲಿನದೇ ಬೇಕೆಂದೇನಿಲ್ಲ. ಹಗುರವಾದ, ತೊಳೆದು ಕೊಡವಿದರೆ ಮತ್ತೆ ಹಳೇ ಆಕಾರಕ್ಕೆ ಬರುವ ಸಿಂಥೆಟಿಕ್ ಎಷ್ಟೋ ಮೇಲು. ಒಂದೇ ಎಚ್ಚರ, ಬಿಸಿ. ಕುಕ್ಕರ್ ಮುಚ್ಚಳ ತೆಗೆದಾಗ, ಇಡ್ಲಿ ಪಾತ್ರೆಗೆ ಬಗ್ಗಿದಾಗ, ಮಂಗಳಾರತಿ ತೆಗೆದುಕೊಳ್ಳಲು ತಲೆ ಬಾಗಿಸಿದಾಗ ಮುಂದಿನ ಎಳೆಗಳು ಸುರುಟಿಕೊಳ್ಳುತ್ತವೆ, ಸುರುಟಿದ್ದು ಮತ್ತೆ ನೆಟ್ಟಗಾಗುವುದು ಅಪರೂಪ. ಅಡುಗೆಮನೆಗೆ ಹೋಗುವಾಗ ತೆಗೆದಿಟ್ಟು ಬಟ್ಟೆ ಕಟ್ಟಿಕೊಳ್ಳಿ. ಮನೆಯವರ ಮುಂದೆ ಸಂಕೋಚವೇಕೆ?

ತೊಳೆಯುವುದು ಎಂಟು ಹತ್ತು ಸಲ ಹಾಕಿದ ಮೇಲೆ ಸಾಕು. ಮೊದಲು ಅಗಲ ಹಲ್ಲಿನ ಹಣಿಗೆಯಲ್ಲಿ ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ. ಅರ್ಧ ಬಕೆಟ್ ತಣ್ಣೀರಿಗೆ ಒಂದು ಮುಚ್ಚಳ ಸೌಮ್ಯ ಶಾಂಪೂ ಕಲಸಿ ಐದು ನಿಮಿಷ ಮುಳುಗಿಸಿಡಿ. ಉಜ್ಜಬೇಡಿ, ಹಿಂಡಬೇಡಿ. ಬೇರೆ ನೀರಿನಲ್ಲಿ ಎರಡು ಸಲ ಜಾಲಿಸಿ, ಟವೆಲಿನ ನಡುವೆ ಇಟ್ಟು ಒತ್ತಿ, ನೆರಳಲ್ಲಿ ಸ್ಟ್ಯಾಂಡಿನ ಮೇಲೆ ಒಣಗಿಸಿ. ಸ್ಟ್ಯಾಂಡ್ ಇಲ್ಲದಿದ್ದರೆ ಎತ್ತರದ ಡಬ್ಬದ ಮೇಲೆ ಬೋರಲು ಹಾಕಿದ ಚೊಂಬು ನಡೆಯುತ್ತದೆ. ಒದ್ದೆಯಿರುವಾಗ ಸಿಂಥೆಟಿಕ್ ವಿಗ್ಗನ್ನು ಬಾಚಲೇಬಾರದು.

ಈಗಾಗಲೇ ಎಣ್ಣೆ ಹಚ್ಚಿಬಿಟ್ಟಿದ್ದರೆ ಗಾಬರಿ ಬೇಡ. ಹಳೆಯ ಟೇಪು ಬಿಡಿಸಿ, ಒಳಜಾಲರಿಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒತ್ತಿ ಒತ್ತಿ ಒರೆಸಿ, ಎಳೆಯಬೇಡಿ. ಆಮೇಲೆ ಮೇಲೆ ಹೇಳಿದಂತೆಯೇ ಶಾಂಪೂ ನೀರಿನಲ್ಲಿ ಎರಡು ಸಲ, ನಡುವೆ ನೀರು ಬದಲಿಸಿ. ಕಂಡೀಷನರ್ ಈ ಸಲ ತುದಿಗೂ ಬೇಡ. ಜಿಡ್ಡು ಇನ್ನೂ ಉಳಿದಿದೆ ಎನಿಸಿದರೆ ಒಂದು ದಿನ ಬಿಟ್ಟು ಮತ್ತೊಮ್ಮೆ. ಆದರೆ ಅಜ್ಜಿ ಹೇಳಿದರೆಂದು ಸೀಗೆಪುಡಿ, ಕಡಲೆಹಿಟ್ಟು ಹಾಕಿ ತಿಕ್ಕಬೇಡಿ. ಹಿಟ್ಟು ಜಾಲರಿಯ ಕಣ್ಣುಗಳಲ್ಲಿ, ಗಂಟುಗಳ ಸುತ್ತ ಕೂತು ಒಣಗುತ್ತದೆ. ಕಪ್ಪು ಕೂದಲಿನ ಬುಡದಲ್ಲಿ ಹೊಟ್ಟಿನ ಹಾಗೆ ಬೆಳ್ಳಗೆ ಕಾಣುತ್ತದೆ, ಸೂಜಿ ಹಿಡಿದು ಕೂತರೂ ಪೂರ್ತಿ ಬರುವುದಿಲ್ಲ.