ಪದ ಪರಿಚಯ: ರೇಚಕ

ಉಸಿರು ಒಳಗೆಳೆಯುವುದು ಪೂರಕ, ತಡೆಯುವುದು ಕುಂಭಕ, ಹೊರಬಿಡುವುದು ರೇಚಕ. ಪ್ರಾಣಾಯಾಮಕ್ಕೆ ಹೊಸದಾಗಿ ಕೂತವರ ಗಮನವೆಲ್ಲ ಮೊದಲೆರಡರ ಮೇಲೆಯೇ. ಎದೆಯುಬ್ಬಿಸಿ ಎಳೆಯುತ್ತಾರೆ, ಮುಖ ಕೆಂಪಾಗುವವರೆಗೆ ತಡೆಯುತ್ತಾರೆ, ಆಮೇಲೆ ಭುಸ್ಸೆಂದು ಬಿಟ್ಟುಬಿಡುತ್ತಾರೆ. ಆದರೆ ಮನಸ್ಸು ತಣಿಯುವುದು ಹೆಚ್ಚಾಗಿ ಆ ಬಿಡುವ ಹೊತ್ತಿನಲ್ಲೇ. ಚಿತ್ತವನ್ನು ತಿಳಿಯಾಗಿಸುವ ಉಪಾಯ ಹೇಳುವ ಪತಂಜಲಿಯ ಸೂತ್ರವೊಂದು ‘ಪ್ರಚ್ಛರ್ದನ’ ಎಂದೇ ಶುರುವಾಗುತ್ತದೆ, ಅಂದರೆ ಉಸಿರನ್ನು ಹೊರಹಾಕುವುದು.

ಕಾರಣ ದೇಹದಲ್ಲೇ ಇದೆ. ಉಸಿರೆಳೆದಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮೆದುಳಿನ ಬುಡದಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರವು ಹೃದಯದ ಓಟಕ್ಕೆ ಕಡಿವಾಣ ಹಾಕುತ್ತದೆ. ಆ ಕಡಿವಾಣ ಉಸಿರು ಬಿಡುವಾಗ ಬಿಗಿಯಾಗುತ್ತದೆ. ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ಉದ್ದಕ್ಕೆ ಉಸಿರು ಬಿಟ್ಟು ನೋಡಿ. ಬಡಿತಗಳ ನಡುವಿನ ಅಂತರ ಹಿಗ್ಗುವುದು ಬೆರಳಿಗೇ ಗೊತ್ತಾಗುತ್ತದೆ, ಹರೆಯದವರಲ್ಲಿ ಇನ್ನೂ ಸ್ಪಷ್ಟವಾಗಿ.

ಅಭ್ಯಾಸ ಸರಳ. ಚಾಪೆಯೋ ಕುರ್ಚಿಯೋ, ಬೆನ್ನು ನೆಟ್ಟಗಿರಲಿ, ಹೊಟ್ಟೆ ಸಡಿಲವಿರಲಿ. ಮೂಗಿನಿಂದಲೇ 4 ಎಣಿಸುವಷ್ಟು ಹೊತ್ತು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ಸೆಕೆಂಡಿಗೊಂದು ಎಣಿಕೆಯಾದರೆ ನಿಮಿಷಕ್ಕೆ 6 ಉಸಿರು. ಸುಮ್ಮನೆ ಕೂತಾಗ ದೊಡ್ಡವರದು ಸಾಮಾನ್ಯವಾಗಿ 12ರಿಂದ 20 ಇರುತ್ತದೆ. ಶುರುವಿಗೆ 5 ನಿಮಿಷ ಸಾಕು. ನಡುವೆ ಉಸಿರು ತಡೆಯುವುದು ಬೇಡ. ಪೂರಕ, ಕುಂಭಕ, ರೇಚಕಕ್ಕೆ 1:4:2 ಎಂಬ ಸಾಂಪ್ರದಾಯಿಕ ಲೆಕ್ಕವಿದೆ ನಿಜ, ಅದು ಗುರುವಿನ ಎದುರು ಬಹುಕಾಲ ಪಳಗಿದವರಿಗೆ. ಬಿಪಿ, ಹೃದ್ರೋಗ ಇದ್ದವರು, ಬಸುರಿಯರು ಆ ಗೊಡವೆಗೇ ಹೋಗಬಾರದು.

ಎಡವಟ್ಟಾಗುವುದು ಎರಡು ಕಡೆ. ಕೊನೆಯ ಎರಡು ಎಣಿಕೆಯಲ್ಲಿ ಹೊಟ್ಟೆ ಬಿಗಿದು ಉಸಿರನ್ನು ಹಿಂಡಿ ಹೊರದಬ್ಬಿದರೆ, ಮುಂದಿನ ಉಸಿರು ಗಬಕ್ಕನೆ ಬರುತ್ತದೆ, ಎದೆ ಮತ್ತೆ ಡವಗುಟ್ಟುತ್ತದೆ. ಹಾಗಾದರೆ ಎಣಿಕೆ ನಿಮಗೆ ಉದ್ದವಾಯಿತು ಅಂತಲೇ ಅರ್ಥ, 3ಕ್ಕೆ 4ರ ಲೆಕ್ಕಕ್ಕೆ ಇಳಿಯಿರಿ. ಇನ್ನೊಂದು, ದೊಡ್ಡ ದೊಡ್ಡ ಉಸಿರನ್ನು ಬೇಗಬೇಗ ಎಳೆದು ಬಿಡುವುದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತಿರುಗುತ್ತದೆ, ಬೆರಳ ತುದಿ, ತುಟಿ ಜುಮುಜುಮು ಅನ್ನುತ್ತವೆ. ಇದನ್ನು ಕುಂಡಲಿನಿ, ಅಂದರೆ ಬೆನ್ನುಮೂಳೆಯ ಬುಡದಲ್ಲಿ ಮಲಗಿದೆಯೆಂದು ಯೋಗದವರು ಹೇಳುವ ಶಕ್ತಿ, ಎದ್ದ ಗುರುತು ಎಂದು ನಂಬಿ ಮುಂದುವರಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಿಲ್ಲಿಸಿ, ಎಂದಿನಂತೆ ಉಸಿರಾಡುತ್ತ ಕೂತರೆ ತಾನಾಗಿ ಸರಿಹೋಗುತ್ತದೆ.

ಎಣಿಕೆ ಒಗ್ಗದವರಿಗೆ ಹಾಡಿದೆ. ರಾಯಚೂರು ಸೀಮೆ ದಾಸರ ನೆಲ. ಮಾನ್ವಿಯ ಜಗನ್ನಾಥದಾಸರ ಪದಗಳು ಇಂದಿಗೂ ಇಲ್ಲಿಯ ಭಜನೆಗಳಲ್ಲಿವೆ. ಒಂದು ಸಾಲನ್ನು ಎಳೆದು ಹಾಡುವಷ್ಟು ಹೊತ್ತೂ ನಡೆಯುವುದು ರೇಚಕವೇ, ಪೂರಕಕ್ಕೆ ಸಿಗುವುದು ಸಾಲುಗಳ ನಡುವಿನ ಚಿಕ್ಕ ಬಿಡುವು ಮಾತ್ರ. ಕ್ರೈಸ್ತರ ಜಪಸರದ ಲ್ಯಾಟಿನ್ ಪ್ರಾರ್ಥನೆಯನ್ನೂ ಬೌದ್ಧರ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಜನರಿಂದ ಹೇಳಿಸಿ ಇಟಲಿಯ ಸಂಶೋಧಕರು ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲಿ ಅದನ್ನು ಪ್ರಕಟಿಸಿತು.

ನಮ್ಮ ಬೇಸಿಗೆಯಲ್ಲಿ, 40 ಡಿಗ್ರಿ ದಾಟುವ ದಿನಗಳಲ್ಲಿ, ಬಿಸಿಲೇರುವ ಮುಂಚೆಯೇ ಮಾಳಿಗೆಯ ಮೇಲೆ ಕೂತು ಮುಗಿಸಿಬಿಡಬೇಕು. ಸಿಂಧನೂರು, ಗಂಗಾವತಿ ಕಡೆ ಭತ್ತದ ಕೊಯ್ಲಿನ ಧೂಳು ಏಳುವಾಗ ಬಯಲು ಬೇಡ, ಬಾಗಿಲು ಹಾಕಿದ ಕೋಣೆ ಲೇಸು. ಉಬ್ಬಸ ಇದ್ದವರು ತುಟಿಯನ್ನು ಸೀಟಿ ಹೊಡೆಯುವ ಹಾಗೆ ಕಿರಿದು ಮಾಡಿ ಮೆಲ್ಲಗೆ ಬಿಡಬಹುದು. ಬಾಯಿಯ ಬಳಿ ಆಗುವ ಆ ಸಣ್ಣ ತಡೆಯಿಂದ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬೀಳುತ್ತದೆ. ಡಾಕ್ಟರು ಕೊಟ್ಟ ಇನ್‌ಹೇಲರ್ ಮಾತ್ರ ಇದರ ಜೊತೆಗೆ ಇರಲೇಬೇಕು. ಉಬ್ಬಸ ಜೋರಾದಾಗ ಮೊದಲು ಇನ್‌ಹೇಲರ್, ಆಮೇಲೆ ರೇಚಕ.