ಟ್ರಾಂಬೆಯ ಚಿಮ್ನಿ ಊರೊಳಗೇ ಏಕೆ?

ಪ್ರಶ್ನೆ: ಚೆಂಬೂರಿನ ನಮ್ಮ ಮನೆಯ ಬಾಲ್ಕನಿಯಿಂದ ಟ್ರಾಂಬೆ ವಿದ್ಯುತ್ ಸ್ಥಾವರದ ಚಿಮ್ನಿ ಕಾಣುತ್ತದೆ. ದೂರದಿಂದ ತಂತಿಯಲ್ಲಿ ವಿದ್ಯುತ್ ತರಬಹುದಲ್ಲ, ಊರೊಳಗೆ ಕಲ್ಲಿದ್ದಲು ಸುಡುವುದೇಕೆ? ಬಾಲ್ಕನಿಯ ಕಟಕಟೆಯ ಮೇಲೆ ಕೂರುವ ಕಪ್ಪು ಧೂಳು ಅದರದೇ?

ಉತ್ತರ: ತರುತ್ತಲೇ ಇದ್ದೇವೆ. ಬೇಸಿಗೆಯಲ್ಲಿ ಮುಂಬಯಿಗೆ 4,000 ಮೆಗಾವ್ಯಾಟ್‌ಗೂ ಹೆಚ್ಚು ಬೇಕು. ಟ್ರಾಂಬೆಯ ಎರಡು ಕಲ್ಲಿದ್ದಲು ಘಟಕಗಳ ಸಾಮರ್ಥ್ಯ 500 ಮತ್ತು 250, ಉತ್ತರಕ್ಕಿರುವ ಡಹಾಣೂ ಸ್ಥಾವರದ್ದು 500. ಉಳಿದದ್ದರಲ್ಲಿ ಬಹುಪಾಲು ಹೊರಗಿನದೇ. ತೊಡಕಿರುವುದು ತಂತಿಯಲ್ಲಿ. ಮೂರು ಕಡೆ ನೀರು, ಉಳಿದ ಕಡೆ ಮನೆಗಳು. ತಂತಿ ಹೊರುವ ಗೋಪುರ ನೆಡಲು ಜಾಗವೆಲ್ಲಿ?

2020ರ ಅಕ್ಟೋಬರ್ 12, ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಗ್ರೈಂಡರ್ ನಿಂತಿತು, ಉದ್ದು ಅರ್ಧ ಅರೆದಿತ್ತು. ಲೋಕಲ್ ರೈಲುಗಳೂ ನಿಂತವು. ಹೊರಗಿನಿಂದ ಮುಂಬಯಿಗೆ ವಿದ್ಯುತ್ ತರುವ ಕಲ್ವಾ–ಪಡಘೆ ಭಾಗದ 400 ಕೆವಿ (ಕಿಲೋವೋಲ್ಟ್) ಮಾರ್ಗಗಳು ಕೈಕೊಟ್ಟಿದ್ದವು.

ಇಂಥ ಹೊತ್ತಿಗೆಂದೇ ಮುಂಬಯಿಗೆ 'ಐಲ್ಯಾಂಡಿಂಗ್' ಎಂಬ ಏರ್ಪಾಡಿದೆ. ಗ್ರೈಂಡರ್‌ಗೆ ಅಕ್ಕಿ ಜಾಸ್ತಿ ತುಂಬಿದರೆ ಕಲ್ಲು ಏದುಸಿರು ಬಿಡುತ್ತದಲ್ಲ, ಗ್ರಿಡ್‌ನ (ವಿದ್ಯುತ್ ಜಾಲದ) ಟರ್ಬೈನುಗಳೂ ಹಾಗೆಯೇ: ಹೊರೆ ಮೀರಿದರೆ ವೇಗ ತಗ್ಗಿ, 50 ಹರ್ಟ್ಝ್ ಆವರ್ತನ, ಅಂದರೆ ಸೆಕೆಂಡಿಗೆ 50 ಬಾರಿಯ ವಿದ್ಯುತ್ ಮಿಡಿತ, ಇಳಿಯುತ್ತದೆ. ತೀರಾ ಇಳಿದರೆ ನಗರದ ಜಾಲ ಹೊರಗಿನ ಗ್ರಿಡ್‌ನಿಂದ ತಾನೇ ಕಳಚಿಕೊಂಡು, ಕೆಲವು ಬಡಾವಣೆಗಳನ್ನು ಕತ್ತಲಲ್ಲಿಟ್ಟು, ಮಿಕ್ಕವನ್ನು ಒಳಗಿನ ಸ್ಥಾವರಗಳಿಂದ ನಡೆಸಬೇಕು. ಅಂದು ಅದು ಅಂದುಕೊಂಡಂತೆ ನಡೆಯಲಿಲ್ಲ. ಹೊರೆಗೆ ಹೋಲಿಸಿದರೆ ಒಳಗಿನ ಉತ್ಪಾದನೆ ತೀರಾ ಕಡಿಮೆಯಿತ್ತು.

ಚಿಮ್ನಿ ಬೇಡವೆನ್ನುವವರೂ ಬೇಕೆನ್ನುವವರೂ ಒಂದು ಮಾತು ಮರೆಯುತ್ತಾರೆ. ತಣ್ಣಗಿರುವ ಬಾಯ್ಲರ್ ಕಾದು ಹಬೆ ಕೊಡಲು ಗಂಟೆಗಟ್ಟಲೆ ಬೇಕು. ಹೊರಗಿನದು ಅಗ್ಗವೆಂದು ಘಟಕ ನಿಲ್ಲಿಸಿದ್ದರೆ, ಆಪತ್ತಿನ ಗಳಿಗೆಯಲ್ಲಿ ಆ ಚಿಮ್ನಿ ಬರೀ ಕಂಬ. 1915ರಿಂದ ನಡೆಯುತ್ತಿರುವ ಖೋಪೋಲಿಯಂಥ ಘಟ್ಟದ ಜಲವಿದ್ಯುತ್ ಸ್ಥಾವರಗಳು ಮಾತ್ರ ನಿಮಿಷಗಳಲ್ಲಿ ಏಳುತ್ತವೆ, ಆದರೆ ಇಡೀ ಊರನ್ನು ಹೊರುವಷ್ಟು ದೊಡ್ಡವಲ್ಲ.

2023ರಲ್ಲಿ ಖಾರ್ಘರ್–ವಿಕ್ರೋಲಿ 400 ಕೆವಿ ಮಾರ್ಗ ಬಂದು, ಇನ್ನೂ ಸುಮಾರು 1,000 ಮೆಗಾವ್ಯಾಟ್ ಒಳಗೆ ತರಲು ದಾರಿಯಾಯಿತು. ನನ್ನ ಮಟ್ಟಿಗೆ, ಟ್ರಾಂಬೆಯ ಕಲ್ಲಿದ್ದಲಿಗೆ ವಿದಾಯ ಹೇಳುವ ನಿಜವಾದ ಹಾದಿ ಇದು. ಜೊತೆಗೆ ಊರೊಳಗೇ ದೊಡ್ಡ ಬ್ಯಾಟರಿಗಳು ಬೇಕು. ಅಲ್ಲಿಯವರೆಗೆ ಇಂಡೋನೇಷ್ಯಾದ ಕಲ್ಲಿದ್ದಲು ಹಡಗಿನಲ್ಲಿ ಬರುತ್ತಿರುತ್ತದೆ.

ಬಾಲ್ಕನಿಯ ಕಟಕಟೆಯ ಮೇಲಿನ ಕಪ್ಪು ಧೂಳಿನ ಬಗ್ಗೆಯೂ ಕೇಳಿದ್ದೀರಿ. ಸುತ್ತ ತೈಲ ಸಂಸ್ಕರಣಾಗಾರಗಳಿವೆ, ಟ್ರಕ್ಕುಗಳಿವೆ. ಒರೆಸಿದ ಬಟ್ಟೆಯನ್ನು ನೋಡಿ ಅದು ಯಾರದೆಂದು ಹೇಳಲಾಗದು.