ಯಾವ ಕೀಗೆ ಯಾವ ಅಕ್ಷರ? ಲಿನಕ್ಸ್‌ನಲ್ಲಿ ನೀವೇ ಹೇಳಬಹುದು

ಕೀಬೋರ್ಡಿನ ಮೇಲೆ ‘ಕೆ’ ಎಂದು ಅಚ್ಚಾಗಿರುವ ಕೀ ಒತ್ತಿದಾಗ ಕಂಪ್ಯೂಟರಿಗೆ ‘ಕೆ’ ಅಕ್ಷರ ಹೋಗುವುದಿಲ್ಲ. ಯಾವ ಜಾಗದ ಕೀ ಒತ್ತಿದ್ದಾರೆ ಅನ್ನುವ ಸುದ್ದಿ ಮಾತ್ರ ಹೋಗುತ್ತದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಅದಕ್ಕೆ ಒಂದು ನಂಬರು ಕೊಡುತ್ತದೆ. ‘ಕೆ’ ಕೀಯ ನಂಬರು 37, ಪಕ್ಕದ ‘ಎಲ್’ ಕೀಯದು 38. ಕೀ ಮೇಲಿನ ಅಚ್ಚು ನಮ್ಮ ಕಣ್ಣಿಗಷ್ಟೇ. ಅದು ಸವೆದು ಹೋದರೂ, ಅದರ ಮೇಲೆ ಕನ್ನಡದ ಸ್ಟಿಕ್ಕರ್ ಅಂಟಿಸಿದರೂ ಯಂತ್ರಕ್ಕೆ ಗೊತ್ತಾಗುವುದಿಲ್ಲ.

37 ಬಂದಾಗ ಪರದೆಯ ಮೇಲೆ ಇಂಗ್ಲಿಷಿನ ಅಕ್ಷರ ಮೂಡಬೇಕೋ, ನಮ್ಮ ಕ ಮೂಡಬೇಕೋ ಎಂದು ತೀರ್ಮಾನಿಸುವುದು ಒಂದು ಕಡತ. ಉಬುಂಟು, ಫೆಡೋರಾ, ಡೆಬಿಯನ್‌ನಂಥ ಲಿನಕ್ಸ್ ವ್ಯವಸ್ಥೆಗಳಲ್ಲಿ ಅದು ಸಾದಾ ಪಠ್ಯದ ಕಡತ. ಯಾವ ಟೆಕ್ಸ್ಟ್ ಎಡಿಟರ್‌ನಲ್ಲಾದರೂ ತೆರೆದು ಓದಬಹುದು. ಇಷ್ಟವಾಗದಿದ್ದರೆ ಬೇರೆ ಬರೆದುಕೊಳ್ಳಬಹುದು. ಇಂಗ್ಲಿಷ್ ಮಾತ್ರ ಬರೆಯುವವರಿಗೆ ಇದೊಂದು ಹವ್ಯಾಸ. ಕನ್ನಡ ಬರೆಯುವವರಿಗೆ ಇದರ ಅಗತ್ಯ ಜಾಸ್ತಿ. ನಮ್ಮ ಬರವಣಿಗೆಗೆ ಬೇಕಾದದ್ದೆಲ್ಲ ಯಾವ ಸಿದ್ಧ ಲೇಔಟ್‌ನಲ್ಲೂ, ಅಂದರೆ ಕೀ-ಅಕ್ಷರಗಳ ಜೋಡಣೆಯಲ್ಲೂ, ಪೂರ್ತಿ ಸಿಗುವುದಿಲ್ಲ.

ಈ ಕೆಲಸ ನೋಡಿಕೊಳ್ಳುವ ವ್ಯವಸ್ಥೆಯ ಹೆಸರು ಎಕ್ಸ್‌ಕೆಬಿ. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ, ಯುನಿಕ್ಸ್ ಲೋಕದ ಎಕ್ಸ್ ವಿಂಡೋ ವ್ಯವಸ್ಥೆಗೆಂದು 1990ರ ದಶಕದಲ್ಲಿ ಹುಟ್ಟಿದ್ದು. ಈಗ ಎಕ್ಸ್‌ನ ಜಾಗಕ್ಕೆ ವೇಲ್ಯಾಂಡ್ ಬಂದಿದೆ. ಆದರೂ ಕೀಬೋರ್ಡ್ ಕಡತಗಳ ಮಾದರಿ ಹಾಗೇ ಉಳಿದಿದೆ. ಎಕ್ಸ್‌ಕೆಬಿ ಮಾಡುವ ಮೊದಲ ಕೆಲಸ, ನಂಬರಿಗೆ ಒಂದು ಹೆಸರು ಕೊಡುವುದು. ‘ಕೆ’ ಕೀಯ ಹೆಸರು ಎಸಿ08. ಇದು ಸಿನಿಮಾ ಥಿಯೇಟರಿನ ಸೀಟ್ ನಂಬರ್ ಇದ್ದ ಹಾಗೆ. ‘ಎ’ ಅಂದರೆ ಅಕ್ಷರಗಳಿರುವ ವಿಭಾಗ. ‘ಸಿ’ ಅಂದರೆ ಕೆಳಗಿನಿಂದ ಮೂರನೇ ಸಾಲು. ಸ್ಪೇಸ್ ಬಾರ್ ಇರುವುದು ಮೊದಲನೆಯದು. 08 ಅಂದರೆ ಆ ಸಾಲಿನ ಎಂಟನೇ ಕೀ. ಅಲ್ಲಿ ಯಾರು ಕೂರುತ್ತಾರೆ ಎಂದು ಸೀಟ್ ನಂಬರ್ ಹೇಳುವುದಿಲ್ಲ, ಅಲ್ವಾ?

ನಡುವೆ ಒಂದು ತಮಾಷೆ ಇದೆ. ಕರ್ನೆಲ್ ಕೊಟ್ಟ ನಂಬರಿಗೆ ಎಕ್ಸ್ ವ್ಯವಸ್ಥೆ ಎಂಟು ಕೂಡಿಸುತ್ತದೆ. 37 ಅಲ್ಲಿ 45 ಆಗುತ್ತದೆ. ಎಂಟರ ಕೆಳಗಿನ ನಂಬರುಗಳನ್ನು ಕೀಗಳಿಗೆ ಕೊಡಬಾರದು ಎಂದು ಎಕ್ಸ್‌ನ ಹಳೆಯ ನಿಯಮ. ಮೇಲಿನ ಮಿತಿ 255. ಹಾಗಾಗಿ ಕರ್ನೆಲ್‌ನ 247 ದಾಟಿದ ಕೀಗಳು ಎಕ್ಸ್‌ಗೆ ಕಾಣುವುದೇ ಇಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ ಬಂದ್ ಮಾಡುವ ಕೀ ಇರುತ್ತದಲ್ಲ, ಅದಕ್ಕೆ ಸಿಕ್ಕ ನಂಬರು 248! ಒಂದೇ ಒಂದರಲ್ಲಿ ತಪ್ಪಿತು. ಕೊನೆಗೆ ಅದು ಎಫ್20 ಎಂಬ ಕೀಯ ವೇಷ ಹಾಕಿಕೊಂಡು ಒಳಗೆ ಬರುವಂತೆ ಏರ್ಪಾಡು ಮಾಡಿದರು.

ಇನ್ನು ಕಡತದ ಒಳಗೆ ನೋಡೋಣ. ಎಕ್ಸ್‌ಕೆಬಿಯ ‘ಸಿಂಬಲ್ಸ್’ ಫೋಲ್ಡರಿನಲ್ಲಿ ದೇಶಕ್ಕೊಂದರಂತೆ ಕಡತಗಳಿವೆ. ಭಾರತದ್ದು ‘ಇನ್’. ಹಿಂದಿ, ತೆಲುಗು, ತಮಿಳು, ಬಂಗಾಳಿ ಎಲ್ಲವೂ ಆ ಒಂದೇ ಕಡತದಲ್ಲಿವೆ. ಕನ್ನಡದ ಭಾಗದಲ್ಲಿ ಎಸಿ08ರ ಮುಂದೆ ಎರಡು ಸಂಕೇತ ಕಾಣುತ್ತವೆ: ಯು0ಸಿ95, ಯು0ಸಿ96. ಇವು ಕ ಮತ್ತು ಖ ಅಕ್ಷರಗಳ ಯುನಿಕೋಡ್ ಸಂಖ್ಯೆಗಳು, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಎಂದು ಗೊತ್ತುಮಾಡಿದ ಅಕ್ಷರ ಸಂಖ್ಯೆಗಳು. ಸುಮ್ನೆ ಒತ್ತಿದರೆ ಮೊದಲನೆಯದು, ಶಿಫ್ಟ್ ಜೊತೆ ಒತ್ತಿದರೆ ಎರಡನೆಯದು. ಬಲಗಡೆಯ ಆಲ್ಟ್ ಕೀಯನ್ನು ಆಲ್ಟ್‌ಜಿಆರ್ ಆಗಿ ಬಳಸಿಕೊಂಡರೆ ಮೂರನೆಯದಕ್ಕೂ ಜಾಗ ಸಿಗುತ್ತದೆ. ಅದರ ಜೊತೆ ಶಿಫ್ಟ್ ಸೇರಿಸಿದರೆ ನಾಲ್ಕನೆಯದಕ್ಕೂ. ಅಂದರೆ ಒಂದು ಕೀಯಲ್ಲಿ ನಾಲ್ಕು ಹಂತ.

ಕನ್ನಡಕ್ಕೆ ಈ ಕಡತದಲ್ಲಿ ಎರಡು ಲೇಔಟ್ ಇವೆ. ಒಂದು ಇನ್‌ಸ್ಕ್ರಿಪ್ಟ್, ಇನ್ನೊಂದು ಕಗಪ. ಇನ್‌ಸ್ಕ್ರಿಪ್ಟ್ 1991ರ ಭಾರತೀಯ ಮಾನಕದ ಭಾಗ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಕನ್ನಡದ ಕ ಇರುವ ಕೀಯಲ್ಲೇ ತೆಲುಗಿನ ಕ, ದೇವನಾಗರಿಯ ಕ ಕೂಡ ಇರುತ್ತವೆ. ಒಂದು ಲಿಪಿಯಲ್ಲಿ ಬೆರಳು ಪಳಗಿದರೆ ಉಳಿದವೂ ಬಂದಂತೆ. ಕಗಪದ ದಾರಿ ಬೇರೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲೆಲ್ಲ ಹರಡಿದ ಲೇಔಟ್ ಅದು. ಇಂಗ್ಲಿಷ್ ಅಕ್ಷರದ ಉಚ್ಚಾರವನ್ನೇ ಹಿಡಿದು ಹೋಗುತ್ತದೆ. ‘ಜಿ’ ಕೀಗೆ ಗ, ‘ಟಿ’ ಕೀಗೆ ತ, ‘ಎಫ್’ ಕೀಗೆ ಅರ್ಧಾಕ್ಷರದ ಚಿಹ್ನೆ. ಇಂಗ್ಲಿಷ್ ಟೈಪಿಂಗ್ ಗೊತ್ತಿದ್ದವರು ಬೇಗ ಕಲಿಯುತ್ತಾರೆ.

ಎರಡರಲ್ಲಿ ಯಾವುದು ಒಳ್ಳೆಯದು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಆದರೆ ಎಕ್ಸ್‌ಕೆಬಿಗೆ ಹೊಂದುವುದು ಇನ್‌ಸ್ಕ್ರಿಪ್ಟ್. ಕಾರಣ ಸ್ವಾರಸ್ಯವಾಗಿದೆ. ಎಕ್ಸ್‌ಕೆಬಿ ಬರೀ ಒಂದು ಕೋಷ್ಟಕ. ಈ ಕೀ, ಈ ಹಂತ, ಹಾಗಾದರೆ ಈ ಅಕ್ಷರ, ಅಷ್ಟೇ. ಹಿಂದಿನ ಅಕ್ಷರ ಯಾವುದಿತ್ತು ಎಂಬ ನೆನಪು ಅದಕ್ಕಿಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ಗುಡಿಸು ಒಂದು ಹಂತದಲ್ಲಿದೆ, ಇ ಅಕ್ಷರ ಶಿಫ್ಟ್ ಹಂತದಲ್ಲಿದೆ. ಯಾವುದು ಬೇಕು ಎಂದು ಬರೆಯುವವರೇ ಹೇಳುತ್ತಾರೆ. ನುಡಿಯಲ್ಲಿ ಹಾಗಲ್ಲ. ‘ಐ’ ಕೀ ಒತ್ತಿದರೆ ಪದದ ಮೊದಲಲ್ಲಿ ಇ ಬರುತ್ತದೆ. ಅದೇ ಕೀಯನ್ನು ಕ ಆದ ಮೇಲೆ ಒತ್ತಿದರೆ ಕಿ ಆಗುತ್ತದೆ. ಇದನ್ನು ಮಾಡಲು ಹಿಂದೆ ತಿರುಗಿ ನೋಡಬೇಕು. ಕೋಷ್ಟಕಕ್ಕೆ ಅದು ಬರುವುದಿಲ್ಲ. ಹಾಗಾಗಿ ಎಕ್ಸ್‌ಕೆಬಿಯ ಕಗಪದಲ್ಲಿ ಸ್ವರದ ಕೀಗಳು ಸ್ವರಚಿಹ್ನೆಗಳನ್ನು ಕೊಡುತ್ತವೆ, ಪೂರ್ಣ ಸ್ವರ ಬೇಕಾದರೆ ಆಲ್ಟ್‌ಜಿಆರ್ ಹಿಡಿಯಬೇಕು. ನುಡಿಗೆ ಒಗ್ಗಿದ ಕೈಗೆ ಇದು ಕಿರಿಕಿರಿ.

ನುಡಿಯ ಅಭ್ಯಾಸವೇ ಬೇಕು ಅನ್ನುವವರು ಎಕ್ಸ್‌ಕೆಬಿಯನ್ನು ಬಿಟ್ಟು ಐಬಸ್‌ನಂಥ ಇನ್‌ಪುಟ್ ಮೆಥಡ್ (ಒತ್ತಿದ ಕೀಗಳನ್ನು ಅಕ್ಷರಗಳಾಗಿ ಜೋಡಿಸುವ ತಂತ್ರಾಂಶ) ಹಾಕಿಕೊಳ್ಳುವುದು ಮೇಲು. ಅದಕ್ಕೆ ನೆನಪಿದೆ. ಜಪಾನಿನಲ್ಲಿ ರೂಪುಗೊಂಡ ಎಂ17ಎನ್ ಎಂಬ ಸಂಗ್ರಹ ಸೇರಿಸಿದರೆ ಅದರಲ್ಲಿ ‘ಕೆಜಿಪಿ’ ಎಂಬ ಕನ್ನಡ ಲೇಔಟ್ ಸಿಗುತ್ತದೆ. ಜೊತೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದನ್ನು ಕನ್ನಡ ಮಾಡುವ ಐಟ್ರಾನ್ಸ್ ಕೂಡ ಇದೆ. ಇವುಗಳ ಕಡತಗಳೂ ಸಾದಾ ಪಠ್ಯವೇ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಒಂದು ಪ್ರತಿ ಇಟ್ಟುಕೊಂಡು ಬೇಕಾದ ಹಾಗೆ ಬದಲಿಸಬಹುದು. ಅಂದರೆ ಏನನ್ನಾದರೂ ತಿದ್ದುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನಗೆ ಬೇಕಾದ ಬದಲಾವಣೆಗೆ ಹಿಂದಿನ ಅಕ್ಷರದ ಗೊಡವೆ ಇದೆಯೇ? ಇಲ್ಲ ಅನ್ನುವುದಾದರೆ ಎಕ್ಸ್‌ಕೆಬಿ ಸಾಕು.

ಗೊಡವೆ ಇಲ್ಲದ, ಆದರೆ ದಿನಾ ಕಾಡುವ ಒಂದು ಸಮಸ್ಯೆ ನೋಡಿ. ರಾಜ್ ಮತ್ತು ಕುಮಾರ್ ಎರಡನ್ನೂ ಸೇರಿಸಿ ಬರೆದರೆ ‘ರಾಜ್ಕುಮಾರ್’ ಆಗಿಬಿಡುತ್ತದೆ. ನಮಗೆ ಬೇಕಾದ್ದು ‘ರಾಜ್‌ಕುಮಾರ್’. ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರಬೇಕು. ಯುನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಅಗಲವೇ ಇಲ್ಲದ ಆ ಅಕ್ಷರ, ಮುಂದಿನದು ಒತ್ತಾಗದಂತೆ ತಡೆಯುತ್ತದೆ. ಸಾಫ್ಟ್‌ವೇರ್, ಬ್ಯಾಂಕ್‌ನಲ್ಲಿ, ಫೇಸ್‌ಬುಕ್‌ಗೆ ಎಂದು ಬರೆಯುವಾಗೆಲ್ಲ ಇದು ಬೇಕು. ಇನ್ನೊಂದು ಇದರ ಜೋಡಿ, 200ಡಿ. ‘ರ್ಯಾಂಕ್’ ಎಂದು ಅರ್ಕಾವೊತ್ತು ಬರುವ ಬದಲು ‘ರ‍್ಯಾಂಕ್’ ಎಂದು ರಕ್ಕೆ ಯಒತ್ತು ಬರಬೇಕಾದರೆ ಇದನ್ನು ರ ಆದ ಮೇಲೆ, ಅರ್ಧಾಕ್ಷರದ ಚಿಹ್ನೆಗೆ ಮೊದಲು ಹಾಕಬೇಕು. ಈ ಎರಡನ್ನೂ ಬೇರೆಲ್ಲಿಂದಲೋ ಕಾಪಿ ಮಾಡಿ ತಂದು ಹಾಕುವವರು ಎಷ್ಟು ಜನ ಇಲ್ಲ!

ಪರಿಹಾರ ನಮಗೆ ಎಲ್ಲಿಂದ ಸಿಗುತ್ತದೆ ಗೊತ್ತೇ? ಪರ್ಷಿಯನ್ ಭಾಷೆಯವರಿಂದ. ಅವರ ಲಿಪಿಯಲ್ಲೂ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪದದ ನಡುವೆ ಅವನ್ನು ಬಿಡಿಸಲು ಅವರಿಗೂ ಇದೇ 200ಸಿ ಬೇಕು. ಇರಾನಿನ ಕೀಬೋರ್ಡ್ ಮಾನಕದಲ್ಲಿ ಅದು ಶಿಫ್ಟ್ ಜೊತೆ ಸ್ಪೇಸ್ ಒತ್ತಿದರೆ ಬರುತ್ತದೆ. ಎಕ್ಸ್‌ಕೆಬಿಯಲ್ಲಿ ಇದು ಎಲ್ಲ ಭಾಷೆಗೂ ಹೊಂದುವ ಐಚ್ಛಿಕ ಸೌಲಭ್ಯವಾಗಿ ಸೇರಿದೆ, ಹಲವು ರೂಪಗಳಲ್ಲಿ. ಕನ್ನಡಕ್ಕೆ ನಾನು ಮೆಚ್ಚುವುದು 200ಸಿಯನ್ನು ಸ್ಪೇಸ್ ಬಾರಿನ ಮೂರನೇ ಹಂತದಲ್ಲಿ, 200ಡಿಯನ್ನು ನಾಲ್ಕನೇ ಹಂತದಲ್ಲಿ ಇಡುವ ಆಯ್ಕೆ. ಆಲ್ಟ್‌ಜಿಆರ್ ಮತ್ತು ಸ್ಪೇಸ್ ಒತ್ತಿದರೆ ರಾಜ್‌ಕುಮಾರ್ ಸರಿಯಾಗುತ್ತಾರೆ. ಶಿಫ್ಟ್ ಕೂಡ ಸೇರಿಸಿದರೆ ರ‍್ಯಾಂಕ್ ಸರಿಯಾಗುತ್ತದೆ. ಶಿಫ್ಟ್-ಸ್ಪೇಸ್ ಆಯ್ಕೆ ಸುಲಭ ಅನ್ನಿಸಬಹುದು. ಆದರೆ ವೇಗವಾಗಿ ಬರೆಯುವಾಗ ಶಿಫ್ಟ್ ಬಿಡುವ ಮೊದಲೇ ಸ್ಪೇಸ್ ಒತ್ತಿಬಿಡುತ್ತೇವೆ. ಆಗ ಕಾಣದ ಅಕ್ಷರ ನುಸುಳುತ್ತದೆ. ಮುಂದೆ ಆ ಪದ ಹುಡುಕಿದರೆ ಸಿಗದೆ ಹೋಗಬಹುದು, ಯಾಕೆ ಸಿಗಲಿಲ್ಲ ಎಂದು ಕಣ್ಣಿಗೆ ಕಾಣುವುದೂ ಇಲ್ಲ.

ಇದಕ್ಕೆ ಕಡತ ಮುಟ್ಟುವ ಅಗತ್ಯವೇ ಇಲ್ಲ. ಕೆಡಿಇ ಡೆಸ್ಕ್‌ಟಾಪಿನಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಟಿಕ್ ಹಾಕಿದರಾಯಿತು. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಟ್ವೀಕ್ಸ್ ಎಂಬ ಸಣ್ಣ ತಂತ್ರಾಂಶ ಹಾಕಿಕೊಳ್ಳಬೇಕು. ಅಲ್ಲೇ ಇನ್ನೂ ಎಷ್ಟೋ ಇವೆ. ರೂಪಾಯಿ ಚಿಹ್ನೆಯನ್ನು 4ರ ಕೀಯಲ್ಲಿ ಇಡುವುದು ಒಂದು. 2010ರ ಜುಲೈನಲ್ಲಿ ಸರ್ಕಾರ ಆ ಚಿಹ್ನೆಯನ್ನು ಒಪ್ಪಿತು, ಅದೇ ವರ್ಷ ಯುನಿಕೋಡ್ ಸೇರಿತು.

ಕ್ಯಾಪ್ಸ್ ಲಾಕ್ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ಪ್ರೋಗ್ರಾಮರ್‌ಗಳು ಅದನ್ನು ಕಂಟ್ರೋಲ್ ಅಥವಾ ಎಸ್ಕೇಪ್ ಮಾಡಿಕೊಳ್ಳುವುದು ಹಳೆಯ ರೂಢಿ. ಅದಕ್ಕೆ ಇತಿಹಾಸವಿದೆ. ಅಮೆರಿಕದ ಪ್ರೋಗ್ರಾಮರ್ ಬಿಲ್ ಜಾಯ್ 1970ರ ದಶಕದಲ್ಲಿ ವಿಐ ಎಡಿಟರ್ ಬರೆದದ್ದು ಎಡಿಎಂ-3ಎ ಎಂಬ ಟರ್ಮಿನಲ್‌ನಲ್ಲಿ. ಅದರಲ್ಲಿ ಎಸ್ಕೇಪ್ ಕೀ ಈಗಿನ ಟ್ಯಾಬ್ ಜಾಗದಲ್ಲಿತ್ತು, ಕಂಟ್ರೋಲ್ ಈಗಿನ ಕ್ಯಾಪ್ಸ್ ಲಾಕ್ ಜಾಗದಲ್ಲಿತ್ತು. ಆಮೇಲೆ ಐಬಿಎಂ ಕೀಬೋರ್ಡುಗಳು ಜಗತ್ತನ್ನೆಲ್ಲ ಆವರಿಸಿದಾಗ ಎರಡೂ ಮೂಲೆಗೆ ಹೋದವು. ಒಳ್ಳೆಯ ಜಾಗ ಕ್ಯಾಪ್ಸ್ ಲಾಕ್ ಪಾಲಾಯಿತು.

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲ. ಕನ್ನಡ ಬರೆಯುವಾಗ ಆ ಕೀ ಒತ್ತಿದರೆ ತೊಂದರೆಯೇ ಹೊರತು ಲಾಭವಿಲ್ಲ. ಹಾಗಾದರೆ ಅದನ್ನೇ ಭಾಷೆ ಬದಲಿಸುವ ಕೀ ಮಾಡಿಕೊಂಡರೆ? ಎಕ್ಸ್‌ಕೆಬಿಯಲ್ಲಿ ಇದಕ್ಕೂ ಆಯ್ಕೆ ಇದೆ. ಇದರಲ್ಲೂ ಎರಡು ಬಗೆ. ಒಂದರಲ್ಲಿ ಪ್ರತಿ ಸಲ ಒತ್ತಿದಾಗಲೂ ಭಾಷೆ ಅದಲು ಬದಲಾಗುತ್ತದೆ. ಇನ್ನೊಂದರಲ್ಲಿ ಕ್ಯಾಪ್ಸ್ ಲಾಕ್ ಒತ್ತಿದರೆ ಯಾವಾಗಲೂ ಮೊದಲ ಲೇಔಟ್, ಶಿಫ್ಟ್ ಜೊತೆ ಒತ್ತಿದರೆ ಯಾವಾಗಲೂ ಎರಡನೆಯದು. ಎರಡನೇ ಬಗೆ ಜಾಣತನದ್ದು. ಈಗ ಯಾವ ಭಾಷೆ ನಡೆಯುತ್ತಿದೆ ಎಂದು ಮೂಲೆಯ ಗುರುತು ನೋಡುವ ಕೆಲಸ ತಪ್ಪುತ್ತದೆ. ಕಣ್ಣು ಬರಹದ ಮೇಲೇ ಇರುತ್ತದೆ.

ಸಿದ್ಧ ಆಯ್ಕೆಗಳಲ್ಲಿ ಇಲ್ಲದ್ದು ಬೇಕಾದಾಗ ಮಾತ್ರ ಕಡತ ಬರೆಯಬೇಕು. ಹಳಗನ್ನಡ ಓದುವವರನ್ನು ತೆಗೆದುಕೊಳ್ಳಿ. ಅವರಿಗೆ ೞ ಬೇಕು. ಯುನಿಕೋಡ್‌ನಲ್ಲಿ ಅದರ ಸಂಖ್ಯೆ 0ಸಿಡಿಇ. ಯಾರೋ ತಪ್ಪು ತಿಳಿದು ಅದಕ್ಕೆ ‘ಕನ್ನಡ ಅಕ್ಷರ ಫ’ ಎಂದು ಹೆಸರಿಟ್ಟುಬಿಟ್ಟಿದ್ದಾರೆ. ಯುನಿಕೋಡ್‌ನಲ್ಲಿ ಒಮ್ಮೆ ಇಟ್ಟ ಹೆಸರು ತೆಗೆಯುವ ಹಾಗಿಲ್ಲ. ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ, ಪಾಪ. ಇರಲಿ. ಇನ್‌ಸ್ಕ್ರಿಪ್ಟ್‌ನಲ್ಲಿ ಲ ಮತ್ತು ಳ ಒಂದೇ ಕೀಯಲ್ಲಿವೆ, ಅದರ ಹೆಸರು ಎಬಿ06. ಅದೇ ಕೀಯ ಮೂರನೇ ಹಂತದಲ್ಲಿ ೞ ಇಟ್ಟರೆ ಬೆರಳಿಗೂ ನೆನಪಿಗೂ ಹಿತ.

ಬರೆಯುವುದು ಕಷ್ಟವಿಲ್ಲ. ಇಡೀ ಲೇಔಟ್ ಬರೆಯಬೇಕಾಗಿಲ್ಲ. ‘ಇನ್’ ಕಡತದ ಕನ್ನಡ ಭಾಗವನ್ನು ಹಾಗೇ ತೆಗೆದುಕೋ ಎಂದು ಒಂದು ಸಾಲು. ಮೂರನೇ ಹಂತಕ್ಕೆ ಬಲಗಡೆಯ ಆಲ್ಟ್ ಬಳಸು ಎಂದು ಇನ್ನೊಂದು. ಎಬಿ06ರಲ್ಲಿ ಲ, ಳ, ೞ ಎಂದು ಮತ್ತೊಂದು. ಹಿಂದೆ ಇದನ್ನು ವ್ಯವಸ್ಥೆಯ ಮೂಲ ಕಡತದಲ್ಲೇ ಸೇರಿಸಬೇಕಿತ್ತು. ಮುಂದಿನ ಅಪ್‌ಡೇಟ್ ಬಂದಾಗ ಅದು ಅಳಿಸಿ ಹೋಗುತ್ತಿತ್ತು. 2020ರ ನಂತರ ಆ ಗೋಳು ಕಡಿಮೆಯಾಗಿದೆ. ವೇಲ್ಯಾಂಡ್ ಬಳಸುವವರು ಹೋಮ್ ಫೋಲ್ಡರಿನ ಕಾನ್ಫಿಗ್ ಒಳಗೆ ಎಕ್ಸ್‌ಕೆಬಿ ಎಂಬ ಫೋಲ್ಡರ್ ಮಾಡಿ ಅಲ್ಲಿ ತಮ್ಮ ಕಡತ ಇಡಬಹುದು. ಎಕ್ಸ್‌ಮಾಡ್‌ಮ್ಯಾಪ್ ಎಂಬ ಹಳೆಯ ಉಪಾಯವನ್ನು ಈಗಲೂ ಕೆಲವರು ಹೇಳಿಕೊಡುತ್ತಾರೆ. ವೇಲ್ಯಾಂಡ್‌ನಲ್ಲಿ ಅದು ನಡೆಯುವುದಿಲ್ಲ, ಅದರ ಹಿಂದೆ ಹೋಗಬೇಡಿ.

ಒಂದು ಎಚ್ಚರ. ಈ ಕಡತದಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋದರೂ ಇಡೀ ಲೇಔಟ್ ತೆರೆಯುವುದಿಲ್ಲ. ಬಳಸುವ ಮೊದಲು ಎಕ್ಸ್‌ಕೆಬಿಸಿಎಲ್‌ಐ ಎಂಬ ಸಾಧನದಿಂದ ಪರೀಕ್ಷಿಸಿ. ಪಟ್ಟಿಯಲ್ಲಿ ಸಾದಾ ಇಂಗ್ಲಿಷ್ ಲೇಔಟ್ ಸದಾ ಇರಲಿ, ಇಲ್ಲದಿದ್ದರೆ ಲಾಗಿನ್ ಪಾಸ್‌ವರ್ಡ್ ಬರೆಯಲು ಪರದಾಡಬೇಕಾದೀತು.

ಬರೆದದ್ದು ಬೇರೆಯವರಿಗೂ ಉಪಯೋಗ ಅನ್ನಿಸಿದರೆ ಎಕ್ಸ್‌ಕೆಬಿ ಕಡತಗಳನ್ನು ನೋಡಿಕೊಳ್ಳುವ ಯೋಜನೆಗೆ ಕಳಿಸಬಹುದು. ಇರುವ ಲೇಔಟ್‌ನ ಕೀ ಬದಲಿಸಿ ಎಂದು ಕೇಳುವುದಕ್ಕಿಂತ ಹೊಸ ಲೇಔಟ್ ಆಗಿ ಕೊಡುವುದು ಒಳ್ಳೆಯದು. ಪಳಗಿದ ಬೆರಳುಗಳನ್ನು ಯಾಕೆ ಕೆಣಕಬೇಕು? ತುಳುವರಿಗಂತೂ ಇಲ್ಲಿ ಹೊಸ ಕೆಲಸವೇ ಕಾದಿದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿದೆ. ಆ ಅಕ್ಷರಗಳ ಸಂಖ್ಯೆ ನಾಲ್ಕರ ಬದಲು ಐದು ಅಂಕಿಯದು. ಎಕ್ಸ್‌ಕೆಬಿಗೆ ಅದರಿಂದ ಏನೂ ತೊಂದರೆ ಇಲ್ಲ. ಇನ್‌ಸ್ಕ್ರಿಪ್ಟ್‌ನ ಜಾಗಗಳನ್ನೇ ಹಿಡಿದು ಒಂದು ಸಂಜೆಯಲ್ಲಿ ಲೇಔಟ್ ಬರೆದುಬಿಡಬಹುದು. ಕೀ ಒತ್ತಿದಾಗ ಅಕ್ಷರದ ಬದಲು ಪರದೆಯ ಮೇಲೆ ಖಾಲಿ ಡಬ್ಬಿ ಕಂಡರೆ ಮತ್ತೆ ಕಡತ ತಿದ್ದಲು ಹೋಗಬೇಡಿ. ನಿಮ್ಮ ಕೀಬೋರ್ಡ್ ಸರಿಯಾಗೇ ಇದೆ, ಆ ಲಿಪಿಯ ಫಾಂಟ್ ಇನ್ನೂ ಹಾಕಿಲ್ಲ ಅಷ್ಟೇ.